ಅಲ್ಲ ಎನ್ನುವಷ್ಟು ಉಸಿರು

ಆ ಊರಿನಲ್ಲಿ ನೆಲದ ಮೇಲೆ ನಿಂತು ಆಡಿದ ಮಾತಿಗೆ ಬೆಲೆ ಇರಲಿಲ್ಲ. ನೆಲದ ಮೇಲೆ ನಿಂತು ಬದನೆಕಾಯಿ ಚೌಕಾಸಿ ಮಾಡಬಹುದಿತ್ತು, ಮಕ್ಕಳನ್ನು ಗದರಬಹುದಿತ್ತು, ಹೆಣ್ಣು ಕೇಳಬಹುದಿತ್ತು. ಆದರೆ ಒಬ್ಬರು ಇನ್ನೊಬ್ಬರ ಬಗ್ಗೆ ಸಾಕ್ಷಿ ಹೇಳಬೇಕಾದರೆ, ಆ ಮಾತನ್ನು ಊರು ನಿಜವೆಂದು ಒಪ್ಪಬೇಕಾದರೆ, ಅವರು ಮೆಟ್ಟಿಲು ಹತ್ತಬೇಕಿತ್ತು.

ಮೆಟ್ಟಿಲು ಇದ್ದದ್ದು ಸಂತೆ ಮೈದಾನದ ನಡುವೆ. ಅದು ಎಲ್ಲಿಗೂ ಹೋಗುವ ಮೆಟ್ಟಿಲಲ್ಲ. ಎರಡು ಹಿಡಿಕಂಬಿಗಳ ನಡುವೆ ಮೆಟ್ಟಿಲುಗಳು ಒಂದೊಂದಾಗಿ ಇಳಿದು ಬರುತ್ತಿದ್ದವು. ತಳ ಮುಟ್ಟಿದವು ಹಿಂದಿನಿಂದ ಸುತ್ತಿಕೊಂಡು ಮತ್ತೆ ಮೇಲೆ ಕಾಣಿಸಿಕೊಳ್ಳುತ್ತಿದ್ದವು. ಹೊಳೆಯ ನೀರು ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರ ಮೆಟ್ಟಿಲನ್ನು ತಿರುಗಿಸುತ್ತಿತ್ತು. ಮೆಟ್ಟಿಲು ಕೆಳಗೆ ಬರುತ್ತದೆ, ಕಾಲು ಮೇಲೆ ಹೋಗುತ್ತದೆ, ಆಳು ಇದ್ದಲ್ಲೇ ಇರುತ್ತಾನೆ. ಇಂಥದೊಂದು ಯಂತ್ರವನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ನಮಗೆ ಗೊತ್ತಿರಲಿಲ್ಲ. ಕೇಳುವ ಚಾಳಿಯೂ ನಮಗಿರಲಿಲ್ಲ.

ಕಟ್ಟಳೆ ಸರಳವಾಗಿತ್ತು. ಸಾಕ್ಷಿ ಹೇಳುವವರು ಮೆಟ್ಟಿಲ ಮೇಲೆ ಕಾಲಿಡಬೇಕು. ಗಂಟೆ ಹೊಡೆಯುವ ತನಕ ಕಂಬಿ ಮುಟ್ಟದೆ ಹತ್ತಬೇಕು. ಗಂಟೆ ಹೊಡೆದ ಮೇಲೆ, ಹತ್ತುತ್ತಲೇ, ಒಂದೇ ಉಸಿರಿನಲ್ಲಿ ಮಾತು ಹೇಳಬೇಕು. ಮಾತಿಗೂ ಒಂದು ಕ್ರಮವಿತ್ತು: ಮೊದಲು ಕೆಲಸ, ಆಮೇಲೆ ಆಳು, ಕಡೆಗೆ ಹೌದು ಅಥವಾ ಅಲ್ಲ. ಉಸಿರು ಎಲ್ಲಿ ಮುರಿಯಿತೋ ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಬಂದದ್ದು ಕೆಮ್ಮಿನ ಲೆಕ್ಕ. ಆಳಿನ ಹೆಸರಿಗೂ ಮೊದಲೇ ಮುರಿದರೆ ಅದೇ ವಿಷಯಕ್ಕೆ ಮತ್ತೆ ಹತ್ತುವ ಹಾಗಿರಲಿಲ್ಲ.

ಇದರಲ್ಲಿ ಎಂಥ ಮೋಸವಿದೆ ಎಂದು ಹೊರಗಿನವರಿಗೆ ಕೂಡಲೇ ಹೊಳೆಯುತ್ತದೆ. ನಮಗೆ ಹೊಳೆದಿರಲಿಲ್ಲ. 'ಕೊಡ ಒಡೆದದ್ದು ಪಕ್ಕದ ಮನೆಯವಳು' ಎಂದು ಉಸಿರು ಬಿಟ್ಟರೂ ಅದರ ಅರ್ಥ ಹೌದೆಂದೇ. ಹೌದು ಎನ್ನಲು ಉಸಿರೇ ಬೇಡ, ಅದು ತಾನಾಗಿ ಬಂದು ಕೂತುಕೊಳ್ಳುತ್ತದೆ. ಉಸಿರು ಬೇಕಾದದ್ದು ಅಲ್ಲ ಎನ್ನುವವರಿಗೆ, ಅದೂ ಎಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ. ಒಬ್ಬ ತಾಯಿ ಹಿಂದೊಮ್ಮೆ ಮಗನ ಪರವಾಗಿ ಹತ್ತಿದ್ದಳು. 'ಬಣವೆಗೆ ಬೆಂಕಿ ಇಟ್ಟದ್ದು ನನ್ನ ಮಗ' ಎನ್ನುವಷ್ಟರಲ್ಲಿ ಉಸಿರು ಸೋತಿತು. ಕೆಳಗೆ ಬಿದ್ದವಳು ಎದ್ದು, ಅಲ್ಲ ಅಲ್ಲ ಅಲ್ಲ ಎಂದು ಮೈದಾನದ ತುಂಬ ಕೂಗುತ್ತ ಓಡಾಡಿದಳು. ಕೇಳುವವರು ಕಿವಿ ಮುಚ್ಚಿಕೊಂಡರು. ಅದು ನೆಲದ ಮಾತು.

ಕೇಳುವವರು ಎಂದರೆ ಮೆಟ್ಟಿಲ ಎದುರು ಕಲ್ಲುಬೆಂಚಿನ ಮೇಲೆ ಕೂರುವ ಹಿರಿಯರು. ಅವರು ಎಂದೂ ಮೆಟ್ಟಿಲು ಹತ್ತಿದವರಲ್ಲ. ಕೂತು ಕೇಳುವುದೇ ಅವರ ಕೆಲಸವಾಗಿತ್ತು, ಅದನ್ನು ಅವರು ಚೆನ್ನಾಗಿಯೇ ಮಾಡುತ್ತಿದ್ದರು. ಒಂದು ಸಂತೆಗೆ ಒಬ್ಬರದೇ ಸಾಕ್ಷಿ, ಒಂದೇ ಬಾಯಿ ಎಂಬುದು ಲೆಕ್ಕ. ಹೆಸರಾದವನು, ಅಂದರೆ ಸಾಕ್ಷಿಯಲ್ಲಿ ಹೆಸರು ಬಂದವನು, ಮೆಟ್ಟಿಲ ಪಕ್ಕದ ಬೋನಿನಲ್ಲಿ ಇರಬೇಕು, ತುಟಿ ಬಿಚ್ಚಬಾರದು, ಯಾಕೆಂದರೆ ತಾನಲ್ಲ ಎಂದು ಯಾರು ತಾನೇ ಹೇಳುವುದಿಲ್ಲ? ಮುಂದಿನ ಸಂತೆಗೆ ಎದುರುಮಾತು ಬರದಿದ್ದರೆ ಅವನು ಕೆಳಬಾಗಿಲು ದಾಟಬೇಕು. ಕೆಳಬಾಗಿಲಿನ ಆಚೆಗೂ ಮೆಟ್ಟಿಲುಗಳಿದ್ದವು. ಅವು ಬರೀ ಇಳಿಯುವ ಮೆಟ್ಟಿಲುಗಳು. ಇಳಿದವರು ಯಾರೂ ಮತ್ತೆ ಊಟದ ಹೊತ್ತಿಗೆ ಮನೆಗೆ ಬಂದದ್ದಿಲ್ಲ.

ಹೊಳೆಯ ತಿರುವಿನಲ್ಲಿ ಬಂಡೆಗಳಿದ್ದವು. ಬಂಡೆಗಳ ಮೇಲೆ ಒಂದು ಗೋಪುರ, ಗೋಪುರದ ತುದಿಯಲ್ಲಿ ಒಂದು ದೀಪ. ದೀಪದವನು ದಿನಾ ಸಂಜೆ ಎಣ್ಣೆಯ ಡಬ್ಬಿ ಹಿಡಿದು ಗೋಪುರ ಹತ್ತಿ ದೀಪ ಹಚ್ಚಿ ಇಳಿದು ಬರುತ್ತಿದ್ದ. ಅವನ ಹೆಂಡತಿ ಹೊಲಿಗೆಯವಳು. ಬೆಳಗಿನಿಂದ ಕತ್ತಲಾಗುವವರೆಗೆ ಕೂತು ಊರವರ ರವಿಕೆ, ಲಂಗ, ಅಂಗಿ ಹೊಲಿಯುತ್ತಿದ್ದಳು. ಕೂತು ಕೂತು ಅವಳ ಉಸಿರೂ ಕೂತುಬಿಟ್ಟಿತ್ತು. ಬಾವಿಕಟ್ಟೆ ಹತ್ತಿದರೆ ಏದುಸಿರು, ನೀರು ಸೇದಿದರೆ ಏದುಸಿರು. ಗಂಡ ಹೆಂಡಿರಲ್ಲಿ ಉಸಿರೆಲ್ಲ ಅವನ ಪಾಲಿಗೆ, ಮಾತೆಲ್ಲ ಇವಳ ಪಾಲಿಗೆ ಎಂದು ನಾವು ನಗಾಡುತ್ತಿದ್ದೆವು.

ಒಂದು ಸಂಜೆ ದೀಪ ಆರಿತು. ಬರುತ್ತಿದ್ದ ದೋಣಿಯೊಂದು ಬಂಡೆಗೆ ಬಡಿದು, ದೋಣಿಯವನ ತಮ್ಮ ನೀರು ಪಾಲಾದ.

ಏನಾಯಿತೆಂದು ಹೊಲಿಗೆಯವಳಿಗೆ ಗೊತ್ತಿತ್ತು. ದೀಪ ಹಚ್ಚಿ ಬಂದ ಗಂಡ ಅವಳ ಎದುರಿಗೇ ಊಟಕ್ಕೆ ಕೂತಿದ್ದ. ಕಿಟಕಿಯಲ್ಲಿ ದೀಪ ಕಾಣುತ್ತಿತ್ತು. ಗಾಳಿ ಎದ್ದಿತು, ದೀಪ ಒಮ್ಮೆ ಬಗ್ಗಿತು, ಆರಿತು. ಗಂಡ ಎಂಜಲು ಕೈಯಲ್ಲೇ ಎದ್ದು ಓಡಿದ. ಅಷ್ಟರಲ್ಲಿ ದೋಣಿ ಒಡೆದಿತ್ತು. ಆದರೆ ನಮ್ಮ ಕಟ್ಟಳೆಯಲ್ಲಿ ದೀಪ ಆರಿತು ಎನ್ನಲು ಜಾಗವಿರಲಿಲ್ಲ, ಆರಿಸಿದ್ದು ಯಾರು ಎನ್ನಲು ಮಾತ್ರ ಜಾಗವಿತ್ತು. ಹೆಸರೂ ಮನುಷ್ಯನದೇ ಆಗಬೇಕಿತ್ತು. ಹಿಂದೆ ಯಾರೋ 'ಮನೆ ಬೀಳಿಸಿದ್ದು ಮಳೆ' ಎಂದಿದ್ದಕ್ಕೆ, ಹಾಗಾದರೆ ಮಳೆಯನ್ನು ಹಿಡಿದು ತಂದು ಬೋನಿನಲ್ಲಿ ನಿಲ್ಲಿಸಪ್ಪ ಎಂದು ಕೇಳುವವರು ಹೇಳಿ ಕಳಿಸಿದ್ದರು.

ದೋಣಿಯವನು ಮೆಟ್ಟಿಲು ಹತ್ತಿದ. ಹುಟ್ಟು ಹಾಕಿ ಬೆಳೆದ ಎದೆ ಅವನದು. ಗಂಟೆ ಹೊಡೆದಾಗ ಅವನ ಹಣೆಯಲ್ಲಿ ಬೆವರೂ ಇರಲಿಲ್ಲ. "ದೀಪ ಆರಿಸಿದ್ದು ದೀಪದವನು ಹೌದು" ಎಂದ. ಬೇಕಿಲ್ಲದ ಹೌದನ್ನೂ ಸೇರಿಸಿ ಹೇಳಿದ, ಅಷ್ಟು ದುಃಖವಿತ್ತು ಅವನಿಗೆ. ಅವನು ಸುಳ್ಳುಗಾರನಲ್ಲ. ತಮ್ಮ ಸತ್ತಿದ್ದ, ದೀಪ ಆರಿತ್ತು, ದೀಪಕ್ಕೊಬ್ಬ ಆಳಿದ್ದ. ಅವನಿಗೆ ಬೇರೆ ದಾರಿ ಕಾಣಲಿಲ್ಲ.

ದೀಪದವನನ್ನು ಬೋನಿಗೆ ಹಾಕಿದರು. ಆರೋಪಿಸುವವನು ಕಣ್ಣಾರೆ ಕಂಡಿರಬೇಕೆಂದಿಲ್ಲ, ಆದರೆ ಅಲ್ಲ ಎನ್ನುವವರು ಮಾತ್ರ ಆ ಹೊತ್ತಿನಲ್ಲಿ ಜೊತೆಗಿದ್ದವರೇ ಆಗಿರಬೇಕು. ಜೊತೆಗಿದ್ದವಳು ಹೊಲಿಗೆಯವಳು ಒಬ್ಬಳೇ. ಮುಂದಿನ ಸಂತೆಗೆ ಅವಳು ಹತ್ತಬೇಕು, ಹತ್ತುತ್ತ ಒಂದೇ ಉಸಿರಿನಲ್ಲಿ ಹೇಳಬೇಕು: ದೀಪ ಆರಿಸಿದ್ದು ನನ್ನ ಗಂಡ ಅಲ್ಲ. ಉಸಿರು ಒಂದು ಮಾತು ಮೊದಲು ಮುರಿದರೆ ಗಂಡನನ್ನು ಅವಳೇ ಕೆಳಗೆ ಕಳಿಸಿದಂತೆ. ಸುಮ್ಮನಿದ್ದರೂ ಕಳಿಸಿದಂತೆಯೇ.

ಬೆಳಗಿನ ಹೊತ್ತು ಮೆಟ್ಟಿಲು ಅಭ್ಯಾಸಕ್ಕೆ ತೆರೆದಿರುತ್ತಿತ್ತು. ಬರುತ್ತಿದ್ದವರು ದೊಡ್ಡ ಮನೆಗಳವರು. ಅವರ ಮಕ್ಕಳು ಮಾತು ಕಲಿಯುವಾಗಲೇ ಮೆಟ್ಟಿಲನ್ನೂ ಕಲಿಯುತ್ತಿದ್ದರು. ಉಳಿದ ನಮಗೆ ಬೆಳಿಗ್ಗೆ ಕೆಲಸವಿರುತ್ತಿತ್ತು, ಜೊತೆಗೆ ನಮ್ಮ ಮೇಲೆ ಯಾರೂ ಏನೂ ಹೇಳಲಾರರು ಎಂಬ ಧೈರ್ಯವೂ ಇತ್ತು. ಹೊಲಿಗೆಯವಳು ಮರುದಿನ ಬೆಳಕು ಹರಿಯುವ ಮೊದಲೇ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿದಳು. ಮೆಟ್ಟಿಲು ಕಾಯುವವನ ಕೈಯಲ್ಲಿ ಒಂದು ಹಿಡಿಕೆ ಇತ್ತು. ಅದನ್ನು ನಿಧಾನಕ್ಕೂ ಇಡಬಹುದು, ನಡುವಿಗೂ ಇಡಬಹುದು, ಜೋರಿಗೂ ಇಡಬಹುದು. ಸಾಕ್ಷಿಗೆ ಇಡುವುದು ನಡುವೆ. ಎಲ್ಲಿಡಲಿ ಎಂದು ಕೇಳಿದವನಿಗೆ ಅವಳು, ಸಾಕ್ಷಿಯ ದಿನ ಎಲ್ಲಿಡುತ್ತೀರೋ ಅಲ್ಲೇ ಇಡಿ ಎಂದಳು.

ಹೊಸಬರೆಲ್ಲ ಮಾಡುವ ತಪ್ಪೇ ಅದು. ಮೆಟ್ಟಿಲು ಇಳಿದು ಬಂತು, ಅವಳು ಓಡಿದಳು. ಬೆರಳ ತುದಿಯಲ್ಲಿ ಮೆಟ್ಟಿದಳು, ಹಿಮ್ಮಡಿ ಗಾಳಿಯಲ್ಲಿತ್ತು. ಕಣ್ಣು ಕಾಲಿನ ಮೇಲೆ, ಬೆನ್ನು ಗೂನು, ಎರಡೂ ಕೈ ಕಂಬಿಯ ಮೇಲೆ, ಇಡೀ ಮೈಯ ಭಾರ ಆ ಕೈಗಳ ಮೇಲೆ. ಮೀನಖಂಡ ಉರಿಯತೊಡಗಿತು. ಎದೆ ಡವಗುಟ್ಟಿತು. 'ದೀಪ' ಎನ್ನುವಷ್ಟರಲ್ಲಿ ಉಸಿರು ಖಾಲಿಯಾಗಿ, ಮೆಟ್ಟಿಲು ಅವಳನ್ನು ತಂದು ತಳಕ್ಕೆ ಚೆಲ್ಲಿತು.

"ಕಂಬಿ ಹಿಡ್ಕೊಂಡ್ರೆ ಹತ್ತಿದ ಹಾಗಲ್ಲಮ್ಮ, ನೇತಾಡಿದ ಹಾಗೆ" ಎಂದ ಮೆಟ್ಟಿಲು ಕಾಯುವವನು. ಕರುಣೆಯಿಂದಲ್ಲ, ಕಟ್ಟಳೆ ಹಾಗಿತ್ತು.

ಅವಳು ನೆಲದ ಮೇಲೆ ಕೂತು ಅತ್ತಳು. ಅಳುವಾಗಲೂ ಉಸಿರು ಸಾಲಲಿಲ್ಲ. ಆಗ ಬೋನಿನಿಂದ ಒಂದು ಸದ್ದು ಕೇಳಿಸಿತು. ಹೆಸರಾದವನು ಮಾತಾಡಬಾರದು ಎಂದು ಕಟ್ಟಳೆ ಹೇಳಿತ್ತು, ಉಸಿರಾಡಬಾರದು ಎಂದು ಹೇಳಿರಲಿಲ್ಲ. ದೀಪದವನು ಕಂಬಿಗೆ ಮುಖವಿಟ್ಟು ಗಟ್ಟಿಯಾಗಿ ಉಸಿರಾಡುತ್ತಿದ್ದ. ಮೂಗಿನಿಂದ ಒಳಕ್ಕೆ, ತಡೆದು, ಬಾಯಿಯಿಂದ ಹೊರಕ್ಕೆ. ಗೋಪುರ ಹತ್ತುವಾಗಿನ ಉಸಿರು ಅದು. ಅವಳನ್ನೇ ನೋಡುತ್ತ ತನ್ನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ತೋರಿಸಿದ. ಇಡೀ ಪಾದ. ಆಮೇಲೆ ಅಂಗೈಯನ್ನು ಕೆಳಮುಖವಾಗಿ ಆಡಿಸಿದ. ನಿಧಾನ.

ಅವಳು ಎದ್ದು ಹಿಡಿಕೆಯನ್ನು ನಿಧಾನಕ್ಕೆ ಇಡಿಸಿದಳು.

ಹೀಗೆ ಶುರುವಾಯಿತು. ಅವನು ಒಳಗೆ ಉಸಿರಾಡುವನು, ಅವಳು ಹೊರಗೆ ಆ ಉಸಿರಿಗೆ ಕಾಲು ಕೂಡಿಸುವಳು. ಹತ್ತುತ್ತ ಹತ್ತುತ್ತ ತನ್ನ ಮಾತನ್ನು ಹೇಳಿಕೊಳ್ಳುವಳು. ಮಾತು ತುಂಡಾದರೆ ತಾನು ಆತುರಪಟ್ಟೆ ಎಂದು ತಿಳಿದು ಕಾಲನ್ನು ಇನ್ನಷ್ಟು ಸಾವಕಾಶ ಮಾಡುವಳು. ಸುಸ್ತಾದರೆ ಇಳಿಯುವಳು, ನೀರು ಕುಡಿಯುವಳು, ಮತ್ತೆ ಹತ್ತುವಳು. ಮೆಟ್ಟಿಲು ಕೆಳಗೆ ಬರುತ್ತದೆ, ಕಾಲು ಮೇಲೆ ಹೋಗುತ್ತದೆ, ಆಳು ಇದ್ದಲ್ಲೇ ಇರುತ್ತಾನೆ. ಆದರೂ ಅವಳ ಮಾತು ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಹೋಗುತ್ತಿತ್ತು. ವಾರ ಮುಗಿಯುವ ಹೊತ್ತಿಗೆ ನಿಧಾನದ ಮೆಟ್ಟಿಲಲ್ಲಿ ಇಡೀ ಮಾತು ಬಂತು. ನಡುವಿಗೆ ಇಟ್ಟಾಗ ಅದು ಒಂದೇ ಕಡೆ, 'ನನ್ನ ಗಂಡ' ಎಂಬಲ್ಲಿ, ಬಂದು ಬಂದು ನಿಲ್ಲುತ್ತಿತ್ತು. ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿರಲಿಲ್ಲ.

ಸಂತೆಯ ದಿನ ಇಡೀ ಊರು ಬಂದಿತ್ತು. ಅವಳು ಕಾಲಿಟ್ಟಳು. ಕಲಿತದ್ದೆಲ್ಲ ಜನರನ್ನು ಕಂಡೊಡನೆ ಕಾಲಿನಿಂದ ಇಳಿದುಹೋಯಿತು. ಹೆದರಿದ ಕಾಲು ಬೇಗ ಬೇಗ ಹತ್ತಿತು. ಬೋನಿನಿಂದ ಗಂಡನ ಉಸಿರು ಕೇಳುತ್ತಿತ್ತು, ಅವಳ ಕಾಲು ಅದನ್ನು ಬಿಟ್ಟು ಮುಂದೆ ಓಡುತ್ತಿತ್ತು. ಕೈ ಎರಡು ಸಲ ಕಂಬಿಯ ಕಡೆಗೆ ಹೋಗಿ ಹಿಂದೆ ಬಂತು. ಗಂಟೆ ಹೊಡೆಯಲೇ ಇಲ್ಲ ಎನ್ನಿಸಿತು. ಆಮೇಲೆ ಹೊಡೆಯಿತು.

ಅವಳು ತನ್ನ ಉಸಿರನ್ನು ಅಳೆದಳು. ಬಟ್ಟೆಯನ್ನು ಕೈಗೆ ತೆಗೆದುಕೊಂಡರೆ ಸಾಕು, ಯಾವ ತೋಳಿಗೆ ಸಾಲುವುದಿಲ್ಲ ಎಂದು ಹೇಳಬಲ್ಲವಳು ಅವಳು. ಈ ಉಸಿರಿಗೆ 'ದೀಪ ಆರಿಸಿದ್ದು' ಸಾಲುತ್ತಿತ್ತು. 'ನನ್ನ' ಸಾಲುತ್ತಿತ್ತು. 'ಗಂಡ' ಎಳೆದುಕೊಂಡು ಸಾಲುತ್ತಿತ್ತು. 'ಅಲ್ಲ' ಸಾಲುತ್ತಿರಲಿಲ್ಲ. ನಿಜ ಉದ್ದವಾಗಿತ್ತು, ಉಸಿರು ಮೋಟಾಗಿತ್ತು. ಕ್ರಮ ಬದಲಿಸುವ ಹಾಗಿರಲಿಲ್ಲ, ಸುಮ್ಮನಿರುವ ಹಾಗಿರಲಿಲ್ಲ. ಇದ್ದ ಉಸಿರಿನಲ್ಲಿ ಹಿಡಿಸುವ, ಗಂಡನನ್ನು ಉಳಿಸುವ ಮಾತು ಒಂದೇ ಒಂದಿತ್ತು.

"ದೀಪ ಆರಿಸಿದ್ದು ನಾನು" ಎಂದಳು. ಉಸಿರು ಅಲ್ಲಿಗೆ ಮುಗಿಯಿತು.

ದೀಪದವನು ಬೋನಿನ ಕಂಬಿಗಳನ್ನು ಹಿಡಿದು ಅಲುಗಾಡಿಸಿದ, ಬಾಯಿ ತೆರೆದ. ಮೆಟ್ಟಿಲು ಕಾಯುವವನು ಬೆರಳೆತ್ತಿ ತೋರಿಸಿದ. ಕೇಳುವವರು ತಲೆ ಕೂಡಿಸಿ ಮಾತಾಡಿಕೊಂಡರು. ನಾನು ಎಂದವರನ್ನು ಅನುಮಾನಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಬೋನಿನ ಬಾಗಿಲು ತೆರೆಯಿತು. ಅವನು ಹೊರಗೆ, ಅವಳು ಒಳಗೆ. ಬಾಗಿಲಲ್ಲಿ ಇಬ್ಬರ ಭುಜ ತಾಗಿತು, ಅವನು ಏನೋ ಹೇಳುವುದರೊಳಗೆ ಅವಳು ಹೆಸರಾದವಳಾಗಿಬಿಟ್ಟಿದ್ದಳು, ಮಾತಾಡುವ ಹಾಗಿರಲಿಲ್ಲ.

ಆ ವಾರ ಅವಳಿಗೆ ಬಹಳ ಕಷ್ಟವಾಯಿತು. ತಾನೇಕೆ ಹಾಗೆಂದೆ ಎಂದು ಅವಳಿಗೆ ತಿಳಿದಿತ್ತು. ಈಗ ಅವನು ಹೆಸರಾದವನಲ್ಲ, ಅವನ ಬಾಯಿ ಬಿಡುಗಡೆಯಾಗಿದೆ, ದಿನಾ ಗೋಪುರ ಹತ್ತುವ ಆ ಎದೆಗೆ ಈ ಮೆಟ್ಟಿಲು ಯಾವ ಲೆಕ್ಕ. ಆದರೆ ಇದನ್ನು ಅವರಿಬ್ಬರೂ ಮಾತಾಡಿಕೊಂಡಿರಲಿಲ್ಲ. ಮತ್ತೆ ಅವನು ಅಲ್ಲ ಎಂದರೆ ಆಗುವುದೇನು ಎಂದು ಊರಿಗೆಲ್ಲ ಗೊತ್ತಿತ್ತು. ಅಲ್ಲ ಎಂಬ ಮಾತನ್ನು ಕೇಳುವವರು ಒಪ್ಪಿದರೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಆರೋಪಿಸಿದವನು ಮತ್ತೆ ಹತ್ತಿ ಮತ್ತೆ ಹೆಸರು ಹೇಳಬೇಕು. ದೋಣಿಯವನು ಯಾರ ಹೆಸರು ಹೇಳುತ್ತಾನೆ ಎಂದು ಕೇಳಬೇಕೇ? ಹೆಂಡತಿಯನ್ನು ಬಿಡಿಸುವವನು ತನ್ನನ್ನೇ ಬೋನಿಗೆ ಹಾಕಿಕೊಳ್ಳುತ್ತಾನೆ. ಸುಮ್ಮನಿದ್ದರೆ ಅವನು ಶಾಶ್ವತವಾಗಿ ಹೊರಗೆ.

ಅವನು ಬೆಳಗಿನ ಅಭ್ಯಾಸಕ್ಕೆ ಬರಲಿಲ್ಲ. ಒಂದು ದಿನವೂ ಮೈದಾನದ ಕಡೆ ಕಾಣಿಸಲಿಲ್ಲ. ಸಂಜೆ ದೀಪ ಮಾತ್ರ ಹತ್ತುತ್ತಿತ್ತು. ಅವಳು ಬೋನಿನಿಂದ ಅದನ್ನು ನೋಡುವಳು, ನಂಬುವಳು, ಸ್ವಲ್ಪ ಹೊತ್ತಿಗೆ ನಂಬಿಕೆ ತಪ್ಪುವುದು. ನೀರು ತರುವ ಹೆಂಗಸರು ಬೇಕೆಂದೇ ಜೋರಾಗಿ ಆಡಿಕೊಳ್ಳುತ್ತಿದ್ದರು, ಗಂಡಸರ ಜಾತಿಯೇ ಹಾಗೆ ಎಂದು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೆ ಅಸಹ್ಯವಾಯಿತು.

ಸಂತೆಯ ದಿನ ಸಾಕ್ಷಿಯ ಹೊತ್ತಿಗೆ ಅವನು ಬಂದ. ಮೆಟ್ಟಿಲ ಮೇಲೆ ಕಾಲಿಟ್ಟು, ಮನೆಯ ಜಗಲಿ ಹತ್ತುವವನ ಹಾಗೆ ಹತ್ತಿದ. ಮುಖ ಬಿಳುಚಿತ್ತು, ಕಾಲು ಮಾತ್ರ ಅಲುಗಲಿಲ್ಲ. ಗಂಟೆ ಹೊಡೆಯಿತು. ಅವನು ಕೂಡಲೇ ಹೇಳಲಿಲ್ಲ. ಒಂದು ಮೆಟ್ಟಿಲು ಹೋಯಿತು, ಇನ್ನೊಂದು ಹೋಯಿತು. ಹೊಲಿಗೆಯವಳು ಬೋನಿನಲ್ಲಿ ಕಣ್ಣು ಮುಚ್ಚಿಕೊಂಡಳು.

"ದೀಪ ಆರಿಸಿದ್ದು ನನ್ನ ಹೆಂಡತಿ ಅಲ್ಲ" ಎಂದ.

ನಮ್ಮಲ್ಲಿ ಅನೇಕರು ಆ ಮಾತು ಪೂರ್ತಿಯಾದದ್ದನ್ನು ಅದೇ ಮೊದಲು ಕೇಳಿದ್ದು. ಅಲ್ಲ ಎಂಬುದು ಎಷ್ಟು ಸಣ್ಣ ಮಾತು ಎಂದು ಆಶ್ಚರ್ಯವಾಯಿತು.

ಒಂದು ವಾರ ಇಬ್ಬರೂ ಮನೆಯಲ್ಲಿದ್ದರು. ಸಂಜೆ ಅವನು ಗೋಪುರಕ್ಕೆ ಹೊರಟರೆ ಅವಳೂ ಹಿಂದೆ ಹೊರಡುತ್ತಿದ್ದಳು. ಹತ್ತುವಾಗ ಅವನು ಅವಳನ್ನು ಮಾತಾಡಿಸುತ್ತಿದ್ದ. ಇವತ್ತು ಏನು ಹೊಲಿದೆ, ಯಾರದು, ಬಣ್ಣ ಯಾವುದು ಎಂದು. ಉತ್ತರ ಹೇಳಲು ಉಸಿರು ಸಾಲದಿದ್ದರೆ ಇಬ್ಬರೂ ನಿಲ್ಲುತ್ತಿದ್ದರು. ಅವಳು ತಾನು ಬೋನಿನಲ್ಲಿ ಪಟ್ಟ ಅನುಮಾನವನ್ನು ಅವನಿಗೆ ಹೇಳಿದಳು. ಅವನು, ನನಗೂ ನನ್ನ ಮೇಲೆ ಅನುಮಾನವಿತ್ತು, ಅದಕ್ಕೇ ನಿನ್ನ ಮುಖ ನೋಡಲು ಬರಲಿಲ್ಲ ಎಂದ.

ಮುಂದಿನ ಸಂತೆಗೆ ದೋಣಿಯವನು ಹತ್ತಿ, ದೀಪ ಆರಿಸಿದ್ದು ದೀಪದವನು ಎಂದ. ಈ ಸಲ ಹೌದನ್ನು ಸೇರಿಸಲಿಲ್ಲ. ದೀಪದವನು ತಾನಾಗಿಯೇ ನಡೆದು ಬೋನಿಗೆ ಹೋದ. ಅದರ ಮುಂದಿನ ಸಂತೆಗೆ ಹೊಲಿಗೆಯವಳು ಹತ್ತಿದಳು. ಗಂಟೆ ಹೊಡೆದಾಗ ಉಸಿರು ಅಳೆದಳು. ಮೊದಲಿಗಿಂತ ಹೆಚ್ಚಿತ್ತು, ಆದರೂ ಅಂಚು ಬಿಗಿಯಾಗಿತ್ತು. ಸಾಲುತ್ತದೆಂದು ನಂಬಿ ಸಾಲದೆ ಹೋದರೆ ಗಂಡ ಕೆಳಬಾಗಿಲಿಗೆ. ಅವಳು ನಾನು ಎಂದಳು. ಅದರ ಮುಂದಿನ ಸಂತೆಗೆ ಅವನು ಹತ್ತಿ ಹೆಂಡತಿ ಅಲ್ಲ ಎಂದ.

ಸಂತೆಗಳು ಉರುಳಿದವು. ದೋಣಿಯವನು ಹೆಸರು ಹೇಳುವನು, ಹೆಂಡತಿ ನಾನು ಎನ್ನುವಳು, ಗಂಡ ಅಲ್ಲ ಎನ್ನುವನು. ಮೂರರಲ್ಲಿ ಒಂದು ವಾರ ಅವರ ಮನೆಯಲ್ಲಿ ಇಬ್ಬರಿಗೂ ಎಲೆ ಹಾಕುತ್ತಿದ್ದರು. ಕೇಳುವವರಿಗೆ ಬೆನ್ನು ನೋವು ಬಂತು. ಇದಕ್ಕೊಂದು ಕೊನೆ ಕಾಣಿಸಬೇಕೆಂದು ಅವರು ಕಟ್ಟಳೆಯನ್ನು ತಿರುವಿ ಮುರುವಿ ನೋಡಿದರು, ಎಲ್ಲ ಅದರ ಪ್ರಕಾರವೇ ನಡೆಯುತ್ತಿತ್ತು. ಬೆಳಗಿನ ಹೊತ್ತು ಮೆಟ್ಟಿಲಿಗೆ ಸಾಲು ನಿಲ್ಲತೊಡಗಿತು. ಕುಂಬಾರಗೇರಿಯವರು ಬಂದರು, ತರಕಾರಿ ಮಾರುವವರು ಬಂದರು, ಬಾಣಂತನ ಮುಗಿಸಿದವರೂ ಬಂದರು. ನಾವೆಲ್ಲ ಹಿಡಿಕೆಯನ್ನು ನಿಧಾನಕ್ಕೆ ಇಡಿಸಿ, ಇಡೀ ಪಾದವಿಟ್ಟು, ಕಂಬಿ ಬಿಟ್ಟು, ನಮ್ಮ ನಮ್ಮ ಮಕ್ಕಳ ಹೆಸರು ಹಾಕಿ ಅಲ್ಲ ಎಂದು ಹೇಳಿ ನೋಡಿಕೊಂಡೆವು. ದೊಡ್ಡ ಮನೆಯವರಿಗೆ ಈ ಗಲಾಟೆ ಹಿಡಿಸಲಿಲ್ಲ. ಬೆವರಿನ ವಾಸನೆ ಎಂದು ಮೂಗು ಮುಚ್ಚಿಕೊಂಡರು.

ಆದರೆ ಈ ಕುಣಿಕೆ ಬಿಗಿಯಾಗಿಯೇ ಇತ್ತು. ಅವರಿಬ್ಬರಲ್ಲಿ ಒಬ್ಬರಿಗೆ ಒಂದು ಸಂತೆಯ ದಿನ ಜ್ವರ ಬಂದರೆ ಸಾಕಿತ್ತು, ಕಾಲು ಉಳುಕಿದರೆ ಸಾಕಿತ್ತು. ಒಮ್ಮೆ ದೀಪದವನಿಗೆ ಕೆಮ್ಮು ಹತ್ತಿತು. ಹೊಲಿಗೆಯವಳು ಬೋನಿನಲ್ಲಿ ಕೂತು ಆ ಕೆಮ್ಮನ್ನು ದೂರದಿಂದ ಕೇಳುತ್ತಿದ್ದಳು. ಸಂತೆಯ ದಿನ ಅವನು 'ನನ್ನ ಹೆಂಡತಿ' ಎಂಬಲ್ಲಿ ಕೆಮ್ಮನ್ನು ಗಂಟಲಲ್ಲೇ ಅದುಮಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮುಂದಿನ ಮಾತನ್ನು ಹೊರಗೆ ತಳ್ಳಿದ. ಅಂದು ಮನೆಗೆ ಹೋದರೂ ನಮಗೆ ಊಟ ಮಾಡಲಾಗಲಿಲ್ಲ.

ಕೊನೆಗೊಂದು ಸಂತೆ ಬಂತು. ದೀಪದವನು ಬೋನಿನಲ್ಲಿದ್ದ, ಹೊಲಿಗೆಯವಳು ಮೆಟ್ಟಿಲ ಮೇಲಿದ್ದಳು. ಬೆನ್ನು ನೆಟ್ಟಗಿತ್ತು. ಕಣ್ಣು ಕಾಲಿನ ಮೇಲಿರಲಿಲ್ಲ, ಬೋನಿನ ಮೇಲೂ ಇರಲಿಲ್ಲ, 'ನನ್ನ ಗಂಡ' ಎಂಬಲ್ಲಿಂದ ಒಂದು ಮಾತು ಮುಂದಕ್ಕೆ ಇತ್ತು. ಗಂಡನ ಉಸಿರಿಗೆ ಅವಳ ಕಾಲು ಕೂಡಿಬಂದಿತ್ತು. ಗಂಟೆ ಹೊಡೆಯಿತು. ಉಸಿರನ್ನು ಅಳೆದಳು. ಸಾಲುತ್ತದೆ ಎನ್ನಿಸಿತು. ಸಾಲದಿರಬಹುದು ಎಂದೂ ಎನ್ನಿಸಿತು. ನಾನು ಎಂದುಬಿಟ್ಟರೆ ಸುಲಭವಿತ್ತು, ಸುಳ್ಳು ಹೇಳಿ ಹೇಳಿ ನಾಲಿಗೆಗೆ ಅದು ರೂಢಿಯಾಗಿಹೋಗಿತ್ತು. ಹಾಗೆ ರೂಢಿಯಾದದ್ದನ್ನೇ ಅವಳಿಗೆ ಸಹಿಸಲಾಗಲಿಲ್ಲ.

"ದೀಪ ಆರಿಸಿದ್ದು ನನ್ನ ಗಂಡ" ಎಂದಳು. ಬೋನಿನಲ್ಲಿ ಉಸಿರು ನಿಂತಿತು. ಒಂದು ಮೆಟ್ಟಿಲು ಇಳಿದುಬಂತು, ಅವಳು ಅದರ ಮೇಲೆ ಇಡೀ ಪಾದವಿಟ್ಟಳು. "ಅಲ್ಲ."

ಯಾರೂ ಜೈಕಾರ ಹಾಕಲಿಲ್ಲ. ಮುದುಕಿಯೊಬ್ಬಳು ಮಾತ್ರ ಬಿಕ್ಕಿದಳು. ಕೇಳುವವರು ಒಪ್ಪಿದರು, ಹಿಂದಿನದೆಲ್ಲ ಅಳಿಸಿತು ಎಂದರು, ಮುಂದಿನ ಸಂತೆಗೆ ಆರೋಪಿಸಿದವನು ಹತ್ತಲಿ ಎಂದರು. ಅಷ್ಟೆ. ಅವಳು ಇಷ್ಟು ದಿನ ಪಟ್ಟದ್ದಕ್ಕೆ ಸಿಕ್ಕಿದ್ದು ಒಂದು ವಾರ. ದೋಣಿಯವನ ಎದೆ ಇನ್ನೂ ಗಟ್ಟಿಯಾಗಿತ್ತು, ಅವನು ಸಾಯುವ ತನಕ ಆ ಹೆಸರು ಹೇಳಬಲ್ಲವನಾಗಿದ್ದ. ನಿಜ ಹೇಳಿದ ಮೇಲೂ ಹೆದರಿಕೆ ಹೋಗುವುದಿಲ್ಲವೆಂದು ಅವಳಿಗೆ ಅಂದು ಗೊತ್ತಾಯಿತು. ರಾಗಿ ಬೀಸುವಾಗ, ಸೂಜಿಗೆ ದಾರ ಪೋಣಿಸುವಾಗ, ಇನ್ನೆಷ್ಟು ಸಲ ಎಂದು ಕೇಳಿಕೊಳ್ಳುತ್ತಿದ್ದಳು.

ಸಂತೆಯ ದಿನ ದೋಣಿಯವನು ಬಂದ. ಗಂಡ ಹೆಂಡತಿ ತೆರೆದ ಬೋನಿನ ಪಕ್ಕದಲ್ಲಿ ನಿಂತಿದ್ದರು. ಹೆಸರು ಬಂದರೆ ದೂರ ನಡೆಯುವುದು ಬೇಡ ಎಂದು ಅಲ್ಲೇ ನಿಂತಿದ್ದರು. ಅವನು ಮೆಟ್ಟಿಲ ಮೇಲೆ ಕಾಲಿಟ್ಟು, ಯಾರನ್ನೂ ನೋಡದೆ ಹತ್ತಿದ. ಗಂಟೆ ಹೊಡೆಯಿತು.

"ದೀಪ ಆರಿಸಿದ್ದು" ಎಂದ.

ನಾವು ಕಾದೆವು. ಅವನ ಎದೆ ಉಬ್ಬಿಯೇ ಇತ್ತು, ಉಸಿರು ತುಂಬಿಕೊಂಡಿದ್ದುದು ಹಿಂದಿನ ಸಾಲಿನವರಿಗೂ ಕಾಣುತ್ತಿತ್ತು. ಇನ್ನೂ ಹತ್ತು ಹೆಸರು ಹೇಳುವಷ್ಟು ಉಸಿರಿತ್ತು. ಮೆಟ್ಟಿಲುಗಳು ಇಳಿದು ಬಂದವು, ಅವನು ಹತ್ತಿದ, ಹತ್ತುತ್ತಲೇ ಇದ್ದ, ಬಾಯಿ ತೆರೆದೇ ಇತ್ತು. ಹೆಸರು ಬರಲಿಲ್ಲ. ಮುಖ ಕೆಂಪೇರಿತು. ಆಮೇಲೆ ಅವನು ಆ ಉಸಿರನ್ನೆಲ್ಲ ಒಮ್ಮೆಗೇ ಹೊರಗೆ ಬಿಟ್ಟುಬಿಟ್ಟ. ಬರೀ ಉಸಿರು, ಒಳಗೆ ಒಂದಕ್ಷರವೂ ಇರಲಿಲ್ಲ.

ಕೇಳುವವರು ಗಲಿಬಿಲಿಗೊಂಡರು. ಉಸಿರು ಮುರಿದಲ್ಲಿಗೆ ಮಾತು ಮುಗಿಯಿತು, ಆ ಮಾತಿನಲ್ಲಿ ಆಳೇ ಇಲ್ಲ. ಆಳಿಲ್ಲದ ಮಾತು ಹೇಳಿದವನು ಅದೇ ವಿಷಯಕ್ಕೆ ಮತ್ತೆ ಹತ್ತುವ ಹಾಗಿಲ್ಲ. ಕಡೆಗೆ ಅವರಲ್ಲಿ ಹಿರಿಯರು ಎದ್ದು, ಈ ದೀಪದ ಮಾತು ಇಲ್ಲಿಗೆ ಮುಗಿಯಿತು, ಬೋನಿಗೆ ಇನ್ನು ಯಾರೂ ಹೋಗಬೇಕಾಗಿಲ್ಲ ಎಂದು ಸಾರಿದರು. ಮೆಟ್ಟಿಲು ಕಾಯುವವನು ಹಿಡಿಕೆ ಇಳಿಸಿದ. ದೀಪದವನು ಹೆಂಡತಿಯ ಕೈ ಹಿಡಿದುಕೊಂಡ.

ದೋಣಿಯವನು ಇಳಿದು ನೇರ ಅವರ ಕಡೆಗೇ ನಡೆದು ಬಂದ. ಜನ ದಾರಿ ಬಿಟ್ಟರು. ಇನ್ನೇನು ಹೊಡೆಯುತ್ತಾನೆ ಎಂದುಕೊಂಡವರೂ ಇದ್ದರು. ಅವನು ಅವಳ ಎದುರಿಗೆ ಧೂಳಿನಲ್ಲೇ ಕೂತುಬಿಟ್ಟ.

"ಅಷ್ಟು ಸಲ ಹತ್ತಿದೆ" ಎಂದ. "ಒಂದು ಸಲಾನೂ ನಿನ್ನ ಕೇಳಲಿಲ್ಲ. ಕೂತ್ಕೊಳಮ್ಮ. ಆವತ್ತು ಏನಾಯ್ತು ಅಂತ ನಿಧಾನಕ್ಕೆ ಹೇಳು."

ಅವಳು ಗಂಡನ ಮುಖ ನೋಡಿದಳು. ಆಮೇಲೆ ಸೀರೆಯ ನೆರಿಗೆ ಇಳಿಬಿಟ್ಟು, ಅವನ ಎದುರಿಗೆ ನೆಲದ ಮೇಲೆ ಕೂತಳು. ಬೇಕಾದಷ್ಟು ಉಸಿರು ತೆಗೆದುಕೊಂಡಳು.

"ಆವತ್ತು ಸಂಜೆ ಇವ್ರಿಗೆ ಮುದ್ದೆ ಬಡಿಸ್ತಾ ಇದ್ದೆ, ಅಣ್ಣ" ಎಂದು ಶುರುಮಾಡಿದಳು.